ಗುಂಡಿನ ಗತ್ತು, ಭುಜಕ್ಕೆ ಗೊತ್ತು

ಅಧ್ಯಕ್ಷಪೀಠದ ಹಿಂದಿನ ಗೋಡೆಯನ್ನು ಅಲಂಕರಿಸಿರುವ ಕವಲು ಕೊಂಬಿನ ಗಂಡುಜಿಂಕೆಯವರೇ, ಮುಖ್ಯ ಅತಿಥಿಗಳಾಗಿ ಬಾಗಿಲ ನೆತ್ತಿಯ ಮೇಲೆ ದಯಮಾಡಿಸಿ ಇಂದಿಗೂ ಕೆಳಗಿಳಿಯದ ಕಾಡುಹಂದಿಯವರೇ, ಗೋಡೆಗೊರಗಿ ಮಡಚಿ ನಿಂತಿರುವ ಕುರ್ಚಿಗಳೇ, ಹಾಗೂ ಬಿಚ್ಚಿದ ಒಂದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಚೀಸ್ ರೋಲ್ ತಿನ್ನುತ್ತಿರುವ ಏಕಮಾತ್ರ ಸಭಿಕರಾದ ಮರ್ಡೊ ಗೆಡ್ಡಿಸ್ ಅವರೇ,

ನಾಳೆ ನಮ್ಮ ವೈಆವು ಕಣಿವೆ ಜಿಂಕೆ ಬೇಟೆಗಾರರ ಸಂಘದ ವಾರ್ಷಿಕ ಭೋಜನ. ಅದರಲ್ಲಿ ಇದೇ ಮರ್ಡೊ ಅವರಿಗೆ ಬೀಳ್ಕೊಡುಗೆ. ಬೀಳ್ಕೊಡುವ ಮಾತು ನನ್ನ ಪಾಲಿಗೆ ಬಂದಿದೆ. ಒಮ್ಮೆ ಕೇಳಿ ತಿದ್ದು ಮಾರಾಯ ಎಂದು ಅವರನ್ನು ಇಲ್ಲಿಗೆ ಕರೆತಂದಿದ್ದೇನೆ. ತನ್ನ ಬೀಳ್ಕೊಡುಗೆಯ ಭಾಷಣವನ್ನು ತಾನೇ ತಿದ್ದುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು?

ನಮ್ಮ ಸಂಘದ ಪದ್ಧತಿ ನಿಮಗೆಲ್ಲ ಗೊತ್ತಿದೆ, ಕಾಡುಹಂದಿಯವರಿಗಂತೂ ಚೆನ್ನಾಗಿಯೇ ಗೊತ್ತಿದೆ. ಬೇಟೆ ಬಿಡುವವನು ತನ್ನ ಕೊನೆಯ ಗುಂಡಿನ ಖಾಲಿ ಹಿತ್ತಾಳೆ ಚಿಪ್ಪನ್ನು ತಂದು ಕೊಡುತ್ತಾನೆ. ಅದನ್ನು ಈ ತೊಲೆಗೆ ಮೊಳೆ ಹೊಡೆದು ಜಡಿಯುತ್ತೇವೆ. ಜಡಿದ ಮೇಲೆ ಆತ ಕೋವಿ ಮುಟ್ಟುವಂತಿಲ್ಲ. ಸಾಸೇಜ್ ಹುರಿಯಬಹುದು, ಸಲಹೆ ಕೊಡಬಹುದು. ಜಡಿದದ್ದನ್ನು ಕಿತ್ತವರು ಈವರೆಗೆ ಯಾರೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ವೇಗ ಮತ್ತು ಶಕ್ತಿ. ನಮ್ಮಿಬ್ಬರಿಗೂ ತಲೆಯಲ್ಲಿ ಕೂದಲಿದ್ದ ಕಾಲದಿಂದ ನಡೆದು ಬಂದಿರುವ ಜಗಳ ಇದು. ನನ್ನದು ಇನ್ನೂರ ನಲವತ್ತಮೂರು ಎಂಬ ಅಳತೆಯ ಚಿಕ್ಕ ತೋಟಾ. ನೂರು ಗ್ರೇನಿನ, ಅಂದರೆ ಆರೂವರೆ ಗ್ರಾಂ ತೂಕದ ಗುಂಡು ಸೆಕೆಂಡಿಗೆ ಹೆಚ್ಚುಕಮ್ಮಿ ಮೂರು ಸಾವಿರ ಅಡಿ ಓಡುತ್ತದೆ. ಶಕ್ತಿ ಸುಮಾರು ಎರಡು ಸಾವಿರ ಅಡಿ-ಪೌಂಡ್. ಮರ್ಡೊ ಅವರದು ಮುನ್ನೂರರ ಮ್ಯಾಗ್ನಮ್ ಎಂಬ ದೊಡ್ಡ ತೋಟಾ. ಅದರ ಗುಂಡೂ ಅಷ್ಟೇ ವೇಗದಲ್ಲಿ ಓಡುತ್ತದೆ, ಆದರೆ ತೂಕ ನೂರ ಎಂಬತ್ತು ಗ್ರೇನ್. ಹಾಗಾಗಿ ಶಕ್ತಿ ಮೂರೂವರೆ ಸಾವಿರ. ನಡುವೆ ಮುನ್ನೂರ ಎಂಟು ಎಂಬ ತೋಟಾ ಒಂದಿದೆ. ಅದು ಮರ್ಡೊ ಅವರ ಹೆಂಡತಿ ನೊಯೆಲೀನ್ ಅವರದು. ಅವರು ನಮ್ಮಿಬ್ಬರಿಗಿಂತ ನೇರ ಹೊಡೆಯುತ್ತಾರೆ, ಆದ್ದರಿಂದ ಜಗಳಕ್ಕೆ ಬರುವುದಿಲ್ಲ.

ನನ್ನ ತೋಟಾ ಬಗ್ಗೆ ಮರ್ಡೊ ಅವರ ಅಭಿಪ್ರಾಯ ಪ್ರಸಿದ್ಧವಾದದ್ದು. "ಲೇ ಲೆಸ್, ಅದ್ರಲ್ಲಿ ಸೊಳ್ಳೆ ಹೊಡಿಬೋದು ಕಣೋ. ಜಿಂಕೆಗೆ ತಾಗಿದ್ರೆ ತುರಿಸ್ಕೊಂಡು ಮುಂದಕ್ಕೆ ಹೋಗುತ್ತೆ."

ಆದರೆ ಸಭಿಕರೇ, ಒಂದು ಪ್ರಶ್ನೆ. ತೋಟಾ ಪೆಟ್ಟಿಗೆಯ ಬೆನ್ನಿಗೆ ವೇಗ ಅಚ್ಚು ಹಾಕುತ್ತಾರೆ, ಶಕ್ತಿ ಅಚ್ಚು ಹಾಕುತ್ತಾರೆ, ನೂರು ಗಜಕ್ಕೆ ಎಷ್ಟು, ಇನ್ನೂರಕ್ಕೆ ಎಷ್ಟು ಎಂದೆಲ್ಲ ಹಾಕುತ್ತಾರೆ. ಮುಂದಕ್ಕೆ ಹೋಗುವುದನ್ನು ಇಷ್ಟು ಅಳೆದವರು ಹಿಂದಕ್ಕೆ ಬರುವುದನ್ನು ಯಾಕೆ ಬರೆಯುವುದಿಲ್ಲ? ನನ್ನ ಕೋವಿ ಹಿಂದಕ್ಕೆ ಒದೆಯುವುದು ಹತ್ತು ಅಡಿ-ಪೌಂಡ್. ಮರ್ಡೊ ಅವರದು ಇಪ್ಪತ್ತೈದು ದಾಟುತ್ತದೆ. ಗುಂಡಿನ ಗತ್ತು, ಭುಜಕ್ಕೆ ಗೊತ್ತು. ಪ್ರಾಸ ನನ್ನದೇ. ನಾಳೆ ಚಪ್ಪಾಳೆಗಾಗಿ ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ.

ಮರ್ಡೊ ಅವರ ಆ ಭುಜಕ್ಕೆ ಹೋದ ವರ್ಷ ಆಪರೇಷನ್ ಆಯಿತು. ಆಮೇಲಿನ ಮೊದಲ ಬೇಟೆಯಲ್ಲಿ ಒಂದು ಹೆಣ್ಣುಜಿಂಕೆ ಅವರ ಗುಂಡಿನಿಂದ ಕಾಲಿಗೆ ಪೆಟ್ಟು ತಿಂದು ಬೀಚ್ ಜಾತಿಯ ಮರಗಳ ನಡುವೆ ಮರೆಯಾಯಿತು. ಕತ್ತಲಾಗುವ ತನಕ ಇಬ್ಬರೂ ಹುಡುಕಿದೆವು. ಮರುದಿನ ಮರ್ಡೊ ಒಬ್ಬರೇ ಹೋಗಿ ಹುಡುಕಿದರು. ಸಿಗಲಿಲ್ಲ. ಸಂಜೆ ನಾನು ಅವರನ್ನು ಕರೆತರುವಾಗ ಎಂದಿನಂತೆ ಮಾಂಸದ ಪೈ ಮಾರುವ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ, ಅವರು ಇಳಿಯಲೇ ಇಲ್ಲ.

"ಭುಜ ಅಲ್ವೋ ಲೆಸ್," ಅಂದರು. "ಕೋವಿ ಕುದುರೆ ಎಳಿಯೋಕೆ ಮುಂಚೇನೇ ಕಣ್ಣು ಮುಚ್ಚೋಗುತ್ತೆ. ನಂದು ಮುಗೀತು."

ಚಿಕ್ಕ ತೋಟಾಗೆ ಬದಲಾಯಿಸಿಕೋ ಎಂದು ನಾನು ಹೇಳಿದ್ದುಂಟು. ಕೊಂಬು ಊದಿದವನು ಪೀಪಿ ಊದಬೇಕೇ ಎಂದು ಅವರು ಕೇಳಿದ್ದೂ ಉಂಟು.

ಹಾಗಿದ್ದೂ ಭೂಮಿಯ ಈ ದಕ್ಷಿಣ ತುದಿಯಲ್ಲಿ ಬೇಸಿಗೆ ಮುಗಿದು, ಈ ಏಪ್ರಿಲ್‌ನಲ್ಲಿ ಗಂಡುಜಿಂಕೆಗಳು ಹೆಣ್ಣಿಗಾಗಿ ಕೂಗಲು ಶುರುಮಾಡಿದಾಗ ಮರ್ಡೊ ಕೊನೆಯ ಸಲ ಎಂದು ಹೊರಟರು. ಬೇಸಿಗೆಯಿಡೀ ಅಭ್ಯಾಸ ಮಾಡಿದ್ದರು. ಭುಜ ನೋಯುತ್ತಿಲ್ಲ ಎಂದು ಖುಷಿಯಾಗಿದ್ದರು, ಅದರ ಕೀರ್ತಿಯನ್ನು ನೊಯೆಲೀನ್ ತಿಕ್ಕುತ್ತಿದ್ದ ಎಣ್ಣೆಗೆ ಕೊಟ್ಟಿದ್ದರು. ತೊರೆಯ ಆಚೆ ದಂಡೆಗೆ ಗಂಡು ಬಂತು. ನಾನು ಜಿಂಕೆಯನ್ನು ನೋಡಲಿಲ್ಲ, ಮರ್ಡೊ ಅವರ ಕಣ್ಣನ್ನೇ ನೋಡುತ್ತಿದ್ದೆ. ಅದು ತೆರೆದೇ ಇತ್ತು. ಜಿಂಕೆ ನಿಂತಲ್ಲೇ ಕುಸಿಯಿತು.

ಬಿಸಿ ಆರದ ಚಿಪ್ಪನ್ನು ಅವರು ನನ್ನ ಅಂಗೈಯಲ್ಲಿಟ್ಟರು. "ಇದನ್ನೇ ಜಡಿ. ಮೂರೂವರೆ ಸಾವಿರ ಅಂದ್ರೆ ಏನು ಅಂತ ನೋಡ್ದ್ಯಾ? ಒಳ್ಳೇ ಏಟಲ್ಲೇ ನಿಲ್ಲಿಸ್ತೀನಿ. ಇನ್ನೊಂದು ಹೆಣ್ಣು ಕುಂಟ್ಕೊಂಡು ಹೋಗೋದು ನೋಡಕ್ಕಾಗಲ್ಲ ನನಗೆ."

ಇಂಥ ಮರ್ಡೊ ಅವರನ್ನು ಬೀಳ್ಕೊಡುವ ಈ ಶುಭಸಂದರ್ಭದಲ್ಲಿ, ಸಹನೆಯಿಂದ ಆಲಿಸಿದ ಕೊಂಬುಗಳಿಗೂ ಕೋರೆಗಳಿಗೂ ಕುರ್ಚಿಗಳಿಗೂ ವಂದಿಸಿ, ಎರಡು ಮಾತನ್ನು ಮುಗಿಸಿ...

ಏಳಬೇಡ ಮರ್ಡೊ, ಕೂತ್ಕೋ. ಈ ಭಾಷಣ ನಾಳೆಗಲ್ಲ. ನಾಳೆಗೆ ನಾನು ಏನೂ ಬರೆದಿಲ್ಲ.

ಆ ಚಿಪ್ಪಿಗೆ ಮದ್ದು ತುಂಬಿದ್ದು ನಾನು. ನಿನ್ನ ಖಾಲಿ ಚಿಪ್ಪುಗಳಿಗೆ ಯಾವಾಗ್ಲೂ ನಾನೇ ತಾನೆ ಮತ್ತೆ ತುಂಬೋದು, ಏನು ಹಾಕಿದೆ ಅಂತ ನೀನು ಕೇಳೋದಿಲ್ಲ. ಈ ಸಲ ಮದ್ದು ಕಮ್ಮಿ ಹಾಕ್ದೆ, ಹಗುರ ಗುಂಡು ಕೂರಿಸ್ದೆ. ಬೇಸಿಗೆಯಿಡೀ ನೀನು ಹೊಡೆದಿದ್ದು ಅದನ್ನೇ. ಕೋವಿ ಒರೆಸಿ ಕೊಡ್ತೀನಿ ಅಂತ ಒಯ್ದು ಗುರಿ ಸರಿಮಾಡಿದ್ದೂ ನಾನೇ. ನೊಯೆಲೀನ್‌ಗೆ ಗೊತ್ತು. ಎಣ್ಣೆ ಬರೀ ಎಣ್ಣೆ.

ವೇಗ ಎರಡು ಸಾವಿರದ ಇನ್ನೂರು. ಶಕ್ತಿ ಸಾವಿರದ ಆರುನೂರು. ನನ್ನ ಸೊಳ್ಳೆ ತೋಟಾಗಿಂತ ಕಮ್ಮಿ ಕಣೋ. ಆದ್ರೂ ಬಿತ್ತು, ಯಾಕಂದ್ರೆ ನಿನ್ನ ಕಣ್ಣು ತೆರೆದಿತ್ತು. ನಿಂದು ಮುಗಿದಿಲ್ಲ.

ಬೈಯೋದಿದ್ರೆ ಬೈಯಿ, ಆಮೇಲೆ ಇದನ್ನ ತಗೋ, ನಿನ್ನ ಚಿಪ್ಪು. ಮೊಳೆ ಹೊಡೆದ್ರೆ ತೂತಾಗುತ್ತೆ. ಹೊಡೀದಿದ್ರೆ ಇನ್ನೊಂದ್ಸಲ ತುಂಬ್ಕೊಡ್ತೀನಿ. ಸುತ್ತಿಗೆ ಮನೇಲೇ ಬಿಟ್ಟು ಬಂದಿದೀನಿ.

ನಮಸ್ಕಾರ.