ನೀರು ಬಿಡದ ಮೆಷಿನ್

ದೀಪ ಸ್ವಲ್ಪ ಸಣ್ಣ ಮಾಡಿ... ಹ್ಞಾಂ, ಸಾಕು. ನಗೋರು ಈಗಲೇ ನಕ್ಕುಬಿಡಿ. ಇದು ಕಟ್ಟಿದ ಕತೆ ಅಲ್ಲ, ನನ್ನ ದೊಡ್ಡಮ್ಮನ ಮಗನಿಗೆ ಆದದ್ದು. ವಾಷಿಂಗ್ ಮೆಷಿನ್ ರಿಪೇರಿ ಅವನ ಕೆಲಸ. ಎಲ್ಲರೂ ನಟ್ಟಣ್ಣ ಅಂತಲೇ ಕರೆಯೋದು. ದೆವ್ವ ಅಂದ್ರೆ "ಎಲ್ಲೋ ವೈರ್ ಲೂಸಾಗಿದೆ ಬಿಡು" ಅನ್ನೋ ಆಸಾಮಿ.

ಅವತ್ತು ಹೊತ್ತು ಮೀರಿ ಮನೆಗೆ ಬರ್ತಿದ್ದ. ಹಳೇ ಬಾವಿ ದಾಟಿದ. ಹೆಗಲ ಚೀಲದಲ್ಲಿ ಸ್ಪ್ಯಾನರ್‌ಗಳು ಕಿಣಿ... ಕಿಣಿ... ಬಾವಿ ಪಕ್ಕದ ಮನೆ ಗೇಟಲ್ಲಿ ಯಾರೋ ನಿಂತಿದ್ದರು.

"ಅಣ್ಣಾ..."

ಬೆಚ್ಚಿ ನಿಂತ. ನೋಡಿದ್ರೆ ಆ ಮನೆ ಸೊಸೆ. ಈಚೆಗಷ್ಟೇ ಗಂಡ ಆಕ್ಸಿಡೆಂಟಲ್ಲಿ ತೀರಿಹೋಗಿದ್ದ.

"ಮೆಷಿನ್ ನೀರು ಬಿಡ್ತಿಲ್ಲ. ಬಾಗಿಲೂ ತೆಗೀತಿಲ್ಲ."

"ನೀರು ಇಳೀದೆ ಬಾಗಿಲು ತೆಗೆಯಲ್ಲ ತಂಗಿ. ಬೆಳಿಗ್ಗೆ ಬರ್ತೀನಿ."

"ಒಳಗೆ ಅವರ ಶರ್ಟ್ ಇದೆ ಅಣ್ಣಾ..."

ಅದನ್ನ ಅವಳು ಒಗೆದೇ ಇರಲಿಲ್ಲ. ಅವನ ಮೈವಾಸನೆ ಉಳಿದಿದ್ದದ್ದು ಅದೊಂದರಲ್ಲೇ. ದಿಂಬಿನ ಕೆಳಗಿಟ್ಟುಕೊಂಡು ಮಲಗ್ತಿದ್ದಳು. ಅದು ಗೊತ್ತಿಲ್ಲದ ಅತ್ತೆ, ಮಾಸಿದ ಬಟ್ಟೆ ಅಂತ ಮೆಷಿನ್‌ಗೆ ಹಾಕಿಬಿಟ್ಟಿದ್ದರು. ಆಗಿನಿಂದ ಅತ್ತೆ ಸೊಸೆ ಮಧ್ಯೆ ಮಾತಿಲ್ಲ, ಕತೆಯಿಲ್ಲ.

ಸೋಪಿನ ನೀರಲ್ಲಿ ಮುಳುಗಿದ ಮೇಲೆ ವಾಸನೆ ಎಲ್ಲಿ ಉಳಿಯುತ್ತೆ? ಆದ್ರೂ ನಟ್ಟಣ್ಣನಿಗೆ ಪಾಪ ಅನ್ನಿಸಿ ಒಳಗೆ ಹೋದ.

ಗಾಜಿನ ಬಾಗಿಲ ಹಿಂದೆ ಅರ್ಧದವರೆಗೆ ನೀರು. ಸ್ವಿಚ್ ಹಾಕಿದ. ಪಂಪು ಗ್ರ್ರ್ರ್... ಅಂತು, ನೀರು ಮಿಸುಕಲಿಲ್ಲ. ಪ್ಲಗ್ ಕಿತ್ತ. ಹಿಂದಿನ ಪೈಪು ಬಿಚ್ಚಿ ಊದಿದ, ಸರಾಗ. ಕೆಳಗಿನ ಪುಟ್ಟ ಮುಚ್ಚಳ ತೆಗೆದು, ತಟ್ಟೆ ಇಟ್ಟು, ಫಿಲ್ಟರ್ ತಿರುಗಿಸಿ ಹೊರಗೆಳೆದ. ಸಾಮಾನ್ಯವಾಗಿ ಗುಂಡಿ, ಪಿನ್ನು, ಕೂದಲು ಸಿಕ್ಕಿರುತ್ತೆ. ಇದು ತೊಳೆದಿಟ್ಟಷ್ಟು ಚೊಕ್ಕ.

ಈಗ ಕೇಳಿ... ಫಿಲ್ಟರ್ ತೆಗೆದರೆ ನೀರು ನುಗ್ಗಲೇಬೇಕು. ತಡೆಯೋಕೆ ಅಲ್ಲಿ ಏನೂ ಇಲ್ಲ. ತೂತು ಬಾಯಿ ತೆರೆದಿದೆ. ಗಾಜಿನ ಹಿಂದೆ ನೀರು ನಿಂತೇ ಇದೆ. ತಟ್ಟೆಗೆ ಒಂದು ಹನಿ ಬೀಳಲಿಲ್ಲ.

ಬೆರಳು ಹಾಕಿ ನೋಡಿದ. ಒಳಗೆ ಏನೋ ಅಡ್ಡ. ಮೆತ್ತಗೆ... ಬೆಚ್ಚಗೆ... ಅಂಗೈ ಹಾಗೆ.

ಕೈ ಎಳ್ಕೊಂಡ. ಒಳಗಿಂದ ಗಾಜಿಗೆ ಸದ್ದು. ಟಕ್... ಟಕ್...

ಕೋಣೆ ಬಾಗಿಲ ಸಂದಿಯಲ್ಲಿ ಅತ್ತೆ ಕುಸಿದು ಕೂತಿದ್ದರು. "ನನ್ನ ಕೈ ಸೇದಿಹೋಗ... ನಂಗೆ ಗೊತ್ತಿರಲಿಲ್ಲ ಕಣೇ..."

"ನೀವು ಸುಮ್ನಿರಿ!" ಸೊಸೆ ಹಲ್ಲು ಕಚ್ಚಿದಳು.

ಟಕ್ ಟಕ್ ಟಕ್ ಟಕ್!

ನಟ್ಟಣ್ಣ ಪಿಸುಗುಟ್ಟಿದ: "ತಂಗೀ... ನಿಮ್ಮತ್ತೆ ಜೊತೆ ಒಂದು ಮಾತಾಡಮ್ಮಾ. ಒಳ್ಳೇ ಮಾತು."

ಅವಳು ಒಮ್ಮೆ ಗಾಜಿನ ಕಡೆ ನೋಡಿದಳು. ಆಮೇಲೆ ಹೋಗಿ ಅತ್ತೆ ಪಕ್ಕ ಕೂತಳು.

"ಅಳಬೇಡಿ ಅತ್ತೆ. ನಿಮಗೂ ಮಗ ಅಲ್ವಾ..."

ಗಳಗಳಗಳ!

ನೀರು ಒಮ್ಮೆಲೇ ನುಗ್ಗಿತು ನೋಡಿ, ಫಿಲ್ಟರ್ ತೂತಿನ ಮುಂದೆಯೇ ಬಗ್ಗಿದ್ದ ನಟ್ಟಣ್ಣ ಹುಬ್ಬಿನವರೆಗೆ ನೆಂದು ತೊಪ್ಪೆಯಾದ! ಹೆದರಿಕೆಯಲ್ಲಿ ಒರೆಸಿಕೊಳ್ಳೋದನ್ನೂ ಮರೆತ. ಚಟ್ ಅಂತ ಬಾಗಿಲು ತಾನಾಗೇ ಬಿಟ್ಟಿತು.

ಟವೆಲ್, ಸೀರೆ, ದಿಂಬಿನ ಚೀಲ... ಎಲ್ಲದರಿಂದ ತೊಟ್ ತೊಟ್ ನೀರು. ಎಲ್ಲದರ ಕೆಳಗೆ ಆ ಶರ್ಟ್. ಒಣಗಿದೆ, ಮಾಸಿದೆ, ಕಾಲರಿನ ಕೊಳೆ ಕೂಡ ಹಾಗೇ. ಸೊಸೆ ಮುಖಕ್ಕೆ ಒತ್ತಿಕೊಂಡು ಉಸಿರೆಳೆದಳು. ಬಿಕ್ಕಿದಳು. ಆಮೇಲೆ ಅದನ್ನ ಅತ್ತೆ ಮಡಿಲಿಗಿಟ್ಟಳು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಟ್ಟಣ್ಣ ಸುಳ್ಳು ಹೇಳೋನಲ್ಲ, ಆ ಶರ್ಟನ್ನ ನಾನೂ ಕಣ್ಣಾರೆ ನೋಡಿದೀನಿ. ಆ ಮನೇಲಿ ಅದನ್ನ ಇವತ್ತಿಗೂ ಮೆಷಿನ್‌ನಿಂದ ಹೊರಗೆ ಬಂದಾಗ ಇದ್ದ ಹಾಗೇ ಇಟ್ಟಿದ್ದಾರೆ... ಬಲತೋಳೊಂದೇ, ನೀರಿಗೆ ಕೈ ಹಾಕೋರ ಹಾಗೆ, ಮೊಣಕೈವರೆಗೆ ಮಡಚಿದೆ.