ನಳಿಗೆಯ ಅಡಿಯ ಇಸವಿ

ಕದ್ದು ಕೇಳುವ ಚಪಲ ಸೇಸಮ್ಮನಿಗಿರಲಿಲ್ಲ. ಆದರೆ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಮೇಲೆ ಕಿವಿಗೆ ಬಾಗಿಲುಂಟೇ? ಪಕ್ಕದಲ್ಲಿ ಗಂಡ ಹೆಂಡತಿ. ಗಂಡನ ತೊಡೆಯ ಮೇಲೆ ಚಾಪೆ ಸುತ್ತಿದ ಹಳೇ ಕೋವಿ.

“ರಿಪೇರಿಯವನು ಕೋವಿಯ ಮರದ ಭಾಗ ಕಳಚಿ ಏನು ತೋರಿಸಿದ?” ಹೆಂಡತಿ ಕೇಳಿದಳು.

“ನಳಿಗೆಯ ಅಡಿಯಲ್ಲಿ ಫ್ಯಾಕ್ಟರಿಯ ಮೊಹರು.”

“ಮತ್ತೆ?”

“ಇಸವಿ. ಸಾವಿರದ ಒಂಬೈನೂರ ಹನ್ನೆರಡು. ಹಳೇ ನಳಿಗೆ ಹಾಳಾದಾಗ ಫ್ಯಾಕ್ಟರಿಯವರೇ ಬೇರೆ ಹಾಕಿದ್ದಂತೆ. ಅದಕ್ಕೇ ನಳಿಗೆಯ ನಂಬರು ಬೇರೆ, ಕೋವಿಯ ನಂಬರು ಬೇರೆ.”

“ಹನ್ನೆರಡರಲ್ಲಿ ನನ್ನ ತಮ್ಮ ಚಿನ್ನಯ್ಯ ಹುಟ್ಟಿದ್ದನಾ?”

ಗಂಡ ಚಾಪೆಯ ಹಗ್ಗ ಬಿಗಿದ.

“ಹಂದಿ ಓಡಿಸಲಿಕ್ಕೆ ಕೊಂಡುಹೋದವನು ನಳಿಗೆ ಬದಲಾಯಿಸಿ ಮಾರಿದ ಅಂದಿರಿ. ಊರವರ ಎದುರು.”

“ನಂಬರು ಹೊಂದಲಿಲ್ಲ ಮಾರಾಯ್ತಿ.”

“ಕೊಡುವ ಮೊದಲು ನಂಬರು ನೋಡಿದ್ದಿರಾ?”

“ಇಲ್ಲ.”

“ಸ್ವಾತಂತ್ರ್ಯ ಬಂದ ವರ್ಷದ ಮಾತು. ಎಂಟು ವರ್ಷ ಆಯ್ತು. ಅಮ್ಮ ತೀರಿಕೊಂಡಾಗಲೂ ನನ್ನನ್ನು ತವರಿಗೆ ಕಳಿಸಲಿಲ್ಲ ನೀವು.”

ಸೇಸಮ್ಮ ಮುಖವನ್ನಾದರೂ ಆಚೆ ತಿರುಗಿಸಿದಳು.

ಮೂಡಬಿದ್ರೆಯ ಬಸ್ಸು ಬಂತು. ಹೆಂಡತಿ ಎದ್ದಳು.

“ಅದು ನಮ್ಮ ಬಸ್ಸಲ್ಲ.”

“ತಮ್ಮನ ಮನೆಗೆ ಹೋಗುವ.”

“ಹೋಗುವ. ಮೊದಲು ಇದನ್ನು ಮನೆಯಲ್ಲಿಟ್ಟು ಬರ್ತೇನೆ. ಕೋವಿ ಹಿಡಿದುಕೊಂಡು ಅವನ ಎದುರು ಹೇಗೆ ನಿಲ್ಲುವುದು? ನಾಚಿಕೆಯಾಗ್ತದೆ.”

“ಕಳ್ಳ ಅನ್ನಲಿಕ್ಕೆ ಅವನ ಅಂಗಳಕ್ಕೆ ಹೋದಾಗ ಇದನ್ನೇ ಹಿಡಿದುಕೊಂಡು ಹೋಗಿದ್ದಿರಲ್ಲ.”

ಅವಳು ಹಿಂದೆ ನೋಡದೆ ಬಸ್ಸು ಹತ್ತಿದಳು. ಗಂಡ ಒಂದು ಗಳಿಗೆ ಕೂತೇ ಇದ್ದ. ಆಮೇಲೆ ಚಾಪೆಯನ್ನು ಎದೆಗೆ ಅವುಚಿಕೊಂಡು, ತಲೆ ತಗ್ಗಿಸಿ, ಅವಳ ಹಿಂದೆಯೇ ಹತ್ತಿದ.