ನಾಲ್ಕನೇ ಜ್ವರದ ಶನಿವಾರ

ಅಲ್ಲೇ, ಅಲ್ಲೇ ನಿಂತ್ಕೊ ಧನು! ಉಳಮನೆ ಒಸ್ಲು ದಾಟ್ಬೇಡ ಕಣವ್ವ. ಮೊಕಕ್ಕೆ ಪೌಡರ್ ಬಳ್ಕಂಡು, ತಲೆಗೆ ಮಲ್ಲಿಗೆ ಮುಡ್ಕಂಡು, ಅದೇನೋ ಸೆಂಟು ಬೇರೆ... ರೇಷ್ಮೆ ಉಳಕ್ಕೆ ಆ ವಾಸ್ನೆ ಆಗಲ್ಲ ಅಂತ ನಾನ್ ಏಳ್ಕೊಡ್ಬೇಕಾ ನಿಂಗೆ? ನಾಕು ವರ್ಷದಿಂದ ಸೆಂಟು ಆಕಂಡು ಬಂದೋರ್ನೆಲ್ಲ ಈ ಬಾಗ್ಲಿಂದ ಓಡಿಸ್ತಿದ್ದೋಳು ನೀನೇ. ಓಗು, ಜಗಲಿ ಮೇಲೆ ಬ್ಯಾಗ್ ಪಕ್ಕ ಕುಂತ್ಕೊ. ಮಾದೇಶ ಕಾರು ತತ್ತಾನೆ. ಈಗ ಬಂದೆ ಅಂದವ್ನೆ... ಅವ್ನು ಈಗ ಬಂದೆ ಅಂದ್ರೆ ಇನ್ನೂ ಅಲ್ಲುಜ್ಜುತಾವ್ನೆ ಅಂತ ಅರ್ಥ.

ನಾನಾ? ನಾನೂ ರೆಡಿನೇ ಕಣವ್ವ. ಸೀರೆ ಒಂದ್ ಸುತ್ಕಂಡ್ರೆ ಆಯ್ತು. ಸೀರೆ ಉಡಕ್ಕೆ ಏನು, ನಾನೇನ್ ಮದುವೆ ಎಣ್ಣಾ? ಗಳಿಗೆ ಕೆಲ್ಸ.

ರೇಡಿಯೋ ಇರ್ಲಿ ಬುಡು. ಜೋರಾಯ್ತಾ? ಆಗ್ಲಿ. ನಿಮ್ಮತ್ತೆ ಶಿವರತ್ನಮ್ಮ ಪ್ಲೇನ್ ಅತ್ತೋ ದಿನ, ಮನೆ ಅಬ್ಬ ಇದ್ದಂಗೆ ಇರ್ಲಿ ಅಂತ ನಾನೇ ಜೋರಾಗ್ ಆಕಿದ್ದು.

ಉಳನಾ? ಉಳ ಜ್ವರಕ್ಕೆ ಕುಂತವೆ. ನಾಲ್ಕನೇ ಜ್ವರ. ನೆನ್ನೆ ಸಂಜೆಯಿಂದ ತಲೆ ಎತ್ಕಂಡು ಕುಂತವೆ ನೋಡು, ಧ್ಯಾನಕ್ಕೆ ಕುಂತೋರಂಗೆ. ಸುಣ್ಣನೂ ಉದ್ರಿಸ್ದೆ. ನೀನ್ ಬಂದು ನೋಡಾದೇನೂ ಬೇಡ. ನೀನೇ ನಿನ್ ಗೆಳತಿ ರಾಣಿಗೆ ಫೋನಲ್ಲಿ ಏಳ್ತಿರ್ಲಿಲ್ವಾ, ಪೊರೆ ಬುಡೋ ಮುಂಚೆ ಉಳ ಒಂದಿನ ಏನೂ ತಿನ್ನಕಿಲ್ಲ, ಅದ್ನೇ ನಾವು ಜ್ವರ ಅನ್ನಾದು, ಆ ಒಂದಿನವೇ ನಮಗೆ ರಜ ಅಂತ? ಪ್ಯಾಟೆಯೋರಿಗೆ ಶನಿವಾರ ಭಾನುವಾರ ಇದ್ದಂಗೆ ನಮಗೆ ಜ್ವರ. ಅವರ ಶನಿವಾರ ವಾರವಾರ ತಪ್ಪದೆ ಬತ್ತದೆ. ನಮ್ದು ಬುಧವಾರ ಬತ್ತದೋ, ಅಮಾಸೆ ದಿನ ಬತ್ತದೋ, ಅದ್ನ ಉಳವೇ ಏಳ್ಬೇಕು. ಈ ಸಲ ಎರಡೂ ಒಂದೇ ದಿನ ಬೀಳ್ಲಿ ಅಂತ ನಾವಿಬ್ರೂ ಇಂದಕ್ಕಿಂದಕ್ಕೆ ಲೆಕ್ಕ ಆಕಿ, ಅದಕ್ ಸರ್ಯಾದ ದಿನ ನೋಡಿ ಚಾಕಿ ಉಳ, ಎಳೇ ಮರಿ, ತಂದ್ವಲ್ಲ! ಆ ಚಾಕಿ ಮಾರೋನು ಏನಂದ? ಎಲ್ರೂ ಉಳ ಚೆನ್ನಾಗವಾ ಅಂತ ಕೇಳ್ತರೆ, ನೀವು ಪ್ಲೇನ್ ಟೈಮಿಗೆ ಆಯ್ತವಾ ಅಂತ ಕೇಳ್ತೀರಲ್ಲ ಅಂತ.

ನಗು, ನಗು. ನೀನ್ ನಗೋದ್ ನೋಡಿ ಯಾವ ಕಾಲ ಆಗಿತ್ತೋ.

ಎಷ್ಟ್ ಟೂರ್ ಓಗಿದೀವಿ ಅಲ್ವಾ ಧನು, ಆ ಜಗಲಿ ಮೇಲೆ ಉಳಕ್ಕೆ ಸೊಪ್ಪು ಎಚ್ಕಂಡು ಕುಂತು! ಚೆನ್ನೈಗೆ ಓಗಿ ಸಮುದ್ರ ನೋಡಿ, ಕಾಲ್ ನೆನೆಸ್ಕಂಡು, ಭಾನುವಾರ ರಾತ್ರಿ ಮುದ್ದೆಗೆ ಮನೆ. ಕೊಚ್ಚಿಗ್ ಓಗಿ ದೋಣಿ ಅತ್ತಿದ್ವಿ. ಗೋವಾ ಅಂದೆ ನೀನು, ಅಲ್ಲಿ ಬಟ್ಟೆ ಆಕಂಡೋರೇ ಕಮ್ಮಿಯಂತೆ, ನಾ ಬರಾಕಿಲ್ಲ ಅಂದ್ಬುಟ್ಟೆ. ಅದಕ್ಕೆ ಎರಡು ದಿನ ಮಾತ್ಬುಟ್ಟಿದ್ದೆ ನೀನು, ಓಗದೆ ಇರೋ ಊರಿಗೆ! ನಿನ್ ಫೋನಲ್ಲಿ ಪ್ಲೇನ್ ಟೈಮ್ ನೋಡಾದು, ಓಟ್ಲು ನೋಡಾದು, ಬೆಳಿಗ್ಗೆ ಎಲ್ಲಿ ಇಡ್ಲಿ ತಿನ್ನಾದು ಅನ್ನಾದು... ಅಷ್ಟ್ರಲ್ಲಿ ಸೊಪ್ಪು ಎಚ್ಚಿ ಮುಗ್ಯಾದು. ಎದ್ದು ಉಳಮನೆಗ್ ಓಗಾದು. ಟೂರ್ ಮುಗೀತು.

ನನಗೆ ಅಷ್ಟೇ ಸಾಕಾಗಿತ್ತು ಕಣವ್ವ. ನಿಜವಾಗ್ಲೂ. ಈ ಮೊಣಕಾಲು ಇಡ್ಕಂಡು ಎಲ್ಲಿಗೆ ಓಗಾನ? ನಾನ್ ಯಾವತ್ತು ಎಲ್ಲಿಗ್ ಓಗಿವ್ನಿ? ಹನೂರಲ್ಲಿ ನನ್ ತಮ್ಮನ ಮಗಳ ಮದುವೆ, ಪಾಯ್ಸ ಬಡಿಸೋ ಮುಂಚೆ ಎಲೆ ಬುಟ್ಟು ಎದ್ದು ಬಂದೆ. ಯಾಕೆ? ಸೊಪ್ಪು ಆಕ್ಬೇಕು. ನಿಮ್ ಮಾವ ಕೆಂಪನಂಜಪ್ಪನೋರು ಏಳೋರು, ಉಳ ಸಾಕೋನು ಸಾಯಾಕೂ ಜ್ವರದ ದಿನ ನೋಡ್ಬೇಕು ಅಂತ. ಆಮೇಲೆ ಅವರೇ ನೋಡ್ನಿಲ್ಲ ಪುಣ್ಯಾತ್ಮ. ಗೂಡು ಬುಡ್ಸೋ ದಿನವೇ ಓದ್ರು. ಒಂದ್ಕಡೆ ಎಣ, ಒಂದ್ಕಡೆ ಗೂಡು. ಅಳ್ತಾ ಅಳ್ತಾ ಗೂಡು ಬುಡಿಸ್ದೋಳು ನಾನು. ಅಳೋದಕ್ಕೂ ಬಿಡುವಿಲ್ಲದ ಬಾಳು ಇದು. ಸಾಕಾಗದೆ, ಆದ್ರೂ ನನಗೆ ಅಭ್ಯಾಸ ಆಗೋಗದೆ. ನಿಂಗ್ಯಾಕೆ ಬೇಕು...

ಏನಿಲ್ಲ. ಏನೋ ಅಂದೆ ಬುಡು.

ಏ! ಬ್ಯಾಗ್ ಯಾಕ್ ಎತ್ತೀಯಾ? ಮಡಗು, ಮಾದೇಶ ಎತ್ಕತಾನೆ. ಭಾರನಾ? ಎಂಗ್ ಭಾರ ಆಯ್ತದೆ, ಗೂಡು ತೂಗೋ ತಕ್ಕಡಿಲಿ ನಾನೇ ತೂಗಿವ್ನಿ! ಏನೋ ಚೂರು ಎಚ್ಚಾಗದೆ. ಒಳಕ್ಕೆ ಬುಡ್ದಿದ್ರೆ ಲಗೇಜಿಗೆ ಆಕಿದ್ರಾಯ್ತು. ತಗೀಬೇಡ... ತಗ್ದೆಯಾ. ಸ್ವೆಟರ್ರು. ಪ್ಲೇನಲ್ಲಿ ಎಸಿ ಅಂತಲ್ಲ, ಅದಕ್ಕೆ. ಅದು ಸಾರಿನ ಪುಡಿ, ರಾಣಿಗೆ. ಒಬ್ಳು ಅಷ್ಟ್ ಪುಡಿ ತಿಂತಾಳಾ ಅಂತ ನೋಡ್ತೀಯಾ? ತಿಂತಾಳೆ! ಐದ್ರಾಬಾದ್ಗೆ ಓಗಿ ಖಾರ ಕಲ್ತವ್ಳಂತೆ. ಪಾಪ, ಕೊಳ್ಳೇಗಾಲದಲ್ಲಿ ನಿನ್ ಜೊತೆ ನರ್ಸಿಂಗ್ ಓದ್ವಾಗ ಎಷ್ಟ್ ಸಲ ಬಂದಿದ್ಲು ನಿನ್ ತವರಿಗೆ. ಅವಳೇ ತಾನೇ ಟಿಕೆಟ್ಟು ಮಾಡ್ಸಿದ್ದು. ಅವಳೇ ಏರ್ಪೋರ್ಟ್ಗೆ ಬತ್ತಾಳೆ, ಚಾರ್‌ಮಿನಾರ್ ತೋರಿಸ್ತಾಳೆ, ಬಳೆ ಅಂಗಡಿ ತೋರಿಸ್ತಾಳೆ. ರಾತ್ರಿ ಅವಳ ರೂಮಲ್ಲಿ ಮಲ್ಗಾದು. ನಾಳೆ ಸಂಜೆ ವಾಪಸ್ಸು.

ಅದು... ಅದು ಬಿಳಿ ಶೂ. ನಿಂದೇ. ಅಟ್ಟದ ಮೇಲಿತ್ತು, ತೊಳ್ದು ಮಡಗ್ದೆ. ಚಾರ್‌ಮಿನಾರ್ ಸುತ್ತಕ್ಕೆ ಕಣವ್ವ. ಚಪ್ಪಲಿಲಿ ಕಾಲ್ ನೋಯ್ತದೆ ಅಂತ.

ಡ್ಯೂಟಿ ಶೂನೇ. ಆದ್ರೇನು? ಡ್ಯೂಟಿಗ್ ಆಕಳೋ ಶೂನ ಬೀದಿಗ್ ಆಕಂಡ್ರೆ ಪೊಲೀಸ್ನೋರು ಇಡೀತರಾ? ಮಡಗು ಒಳಕ್ಕೆ. ಜಿಪ್ಪು ಎಳಿ. ಅಂಗೆ ನೋಡ್ಬೇಡ ನನ್ನ.

ರಾಣಿ ಆಸ್ಪತ್ರೆ ಮಾತು ಅಲ್ಲಿಗೇ ಮುಗೀತಲ್ಲ. ಕೆಲ್ಸ ಅದೆ ಬಾ ಅಂತ ಅವಳು ಕರೆದ್ಲು, ಅತ್ತೆ ಒಬ್ಳೇ ಆಯ್ತಾಳೆ ನಾ ಬರಲ್ಲ ಅಂದೆ ನೀನು. ಮುಗೀತು. ನಾನೇನಾರ ಮತ್ತೆ ಅದ್ರ ಸುದ್ದಿ ಎತ್ತಿದ್ನಾ? ಇಲ್ಲ ತಾನೇ? ಮತ್ತೆ!

ಅವನಾ? ಬೆಳಬೆಳಗ್ಗೆ ಅವನ ಸುದ್ದಿ ಯಾಕ್ ತೆಗ್ದೆ? ರಂಗನಾಥ ಬರಲ್ಲ ಕಣವ್ವ. ನಾವಿಲ್ದೆ ಇರೋವಾಗ ಬಂದ್ರೆ ಅಂತ ಏನ್ ಯೋಚ್ನೆ ಮಾಡ್ತೀಯಾ? ನನ್ ಎತ್ತ ಮಗ, ನಂಗ್ ಗೊತ್ತಿಲ್ವಾ. ನಿನ್ನ ಬುಟ್ಟು, ಪಾಲಾರ್ ದಾಟಿ ತಮಿಳ್ನಾಡ್ ಕಡೆ ಒಬ್ಳನ್ನ ಕಟ್ಕಂಡು, ಮಗೀಗೆ ಎಸ್ರೂ ಮಡಗಿ ಆಯ್ತು. ಇನ್ನ ಇಲ್ಲಿಗ್ ಯಾಕ್ ಬತ್ತಾನೆ? ಬಂದ್ರೆ ಬೀಗ ನೋಡ್ಕಂಡು ಓಗ್ಲಿ.

ಊಂ, ಅಲ್ಲ, ಬೀಗ ಅಲ್ಲ... ಪಕ್ಕದ್ಮನೆ ಯಶೋದ ಇರ್ತಾಳೆ. ನಾನ್ ಬರೋಗಂಟ ಉಳ ನೋಡ್ಕಳಕ್ಕೆ ಯಶೋದನ್ಗೆ ಏಳಿವ್ನಿ.

ಎಲ್ಲಿ ನೋಡ್ದೆ? ಬೆಳಿಗ್ಗೆ ತವರಿಂದ ಬಂದು ಬಸ್ ಇಳಿವಾಗ, ಬಸ್ಟಾಪಲ್ಲಾ? ರೇಷ್ಮೆ ಸೀರೆ ಉಟ್ಕಂಡಾ? ...ಹನೂರಿಗೆ ಮದುವೆಗ್ ಓಯ್ತಿದೀನಿ ಅಂದ್ಲಾ? ಓ. ಬತ್ತಾಳೆ, ಸಂಜೆಗ್ ಬತ್ತಾಳೆ. ಉಳ ಏನ್ ಈಗ್ಲೇ ಎದ್ದು ಬಾಯ್ ಬುಡ್ತವಾ? ಜ್ವರದಲ್ಲವೆ ಅಂತ ಏಳಿಲ್ವಾ?

ನೀನ್ ಏನೇನೋ ಯೋಚ್ನೆ ಮಾಡ್ಬೇಡ ಕಣ್ಮಗ. ಕಿಟಕಿ ಪಕ್ಕ ಕುಂತ್ಕೊ. ನಿಂಗೊಂದ್ ಏಳ್ತೀನಿ ಕೇಳು, ಪ್ಲೇನ್ ಮೇಲೆದ್ದಾಗ ಬಿಳಿಗಿರಿರಂಗನ ಬೆಟ್ಟ ಕಂಡ್ರೂ ಕಾಣ್ತದಂತೆ, ಮಾದೇಶ ಏಳ್ದ. ಉಟ್ಟಿದಾಗ್ನಿಂದ ಆ ಬೆಟ್ಟನ ಕೆಳಗಿಂದ್ಲೇ ನೋಡಿ ನೋಡಿ ಕತ್ತು ನೋವಾಗದೆ. ಒಂದ್ಸಲ ಮೇಲಿಂದ ನೋಡು. ನೋಡಿ...

ನಾವು. ನಾವ್ ನೋಡಾನ ಅಂದೆ. ನಾಲಿಗೆ ಒರಳ್ತು.

ನಿಮ್ಮವ್ವ ಮಾದೇವಮ್ಮ ಏನಂದ್ಲು, ಯಳಂದೂರಲ್ಲಿ? ಮೂರ್ ದಿನ ಇದ್ಬುಟ್ಟು ಬಾ ಅಂತ ನಾನೇ ಕಳಿಸ್ದೆ, ಅವಳಿಗೂ ನಿನ್ನ ನೋಡ್ದಂಗಾಯ್ತದೆ ಅಂತ. ಚೆನ್ನಾಗವ್ಳಾ? ...ಅತ್ಲಾ? ಯಾಕ್ ಅತ್ಲು? ಒಂದ್ ರಾತ್ರಿಗೆ ಓಗೋಳ್ನ ತಬ್ಕಂಡು ಅತ್ಲು ಅಂತೀಯಾ... ಭಯ ಕಣವ್ವ. ಪ್ಲೇನು ಅಂದ್ರೆ ಭಯ ಇರಲ್ವಾ ಎತ್ತೋಳ್ಗೆ? ಮಡಿಲಕ್ಕಿನೂ ಕಟ್ಟಿದ್ಲಾ? ಎಂಥಾ ಪೆದ್ದಿ ಅವಳು! ಬಾಯ್ ಮುಚ್ಕಂಡಿರು ಅಂತ ಏಳಿದ್ರೂ...

ಏನೂ ಏಳಿಲ್ಲ ನಾನು. ಅವಳ್ಗೆ ನಾನೇನ್ ಏಳ್ಳಿ?

ಧನು?

ಯಾಕ್ ಎದ್ದೆ? ಎಲ್ಲಿಗೆ? ಮಾದೇಶ ಇನ್ನೂ ಬಂದಿಲ್ಲ. ಅದ್ಯಾಕ್ ಅಲ್ಲಿಗ್ ಓದೆ, ಅದನ್ ಮುಟ್ಬೇಡ... ರೇಡಿಯೋ ಆರಿಸ್ಬೇಡ ಕಣವ್ವಾ!

ಆರಿಸ್ಬುಟ್ಟೆ.

...ಆಕು ಅದ್ನ. ಚೆನ್ನಾಗಿತ್ತು ಆಡು. ಧನು, ನಾನೊಂದ್ ಏಳಾದು ಮರ್ತೆ, ಐದ್ರಾಬಾದ್ನಲ್ಲಿ ಒಂದ್ ದೊಡ್ಡ ಕೆರೆ ಅದಂತೆ, ಕೆರೆ ನಡೂಕೆ ಬುದ್ಧನ್ನ ನಿಲ್ಸವ್ರಂತೆ, ಅದನ್ನೂ ನೋಡಾನ, ದೋಣಿಲಿ... ದೋಣಿಲಿ ಕುಂತು...

ಅಂಗೆ ನಿಂತ್ಕಂಡು ಏನ್ ಕೇಳ್ತಿದೀಯಾ?

ಮಳೆ ಅಲ್ಲ. ಗೊತ್ತು ನಿಂಗೆ, ಮಳೆ ಅಲ್ಲ ಅಂತ. ಬಿಸ್ಲು ಒಡೀತಾ ಅದೆ, ಮಳೆ ಎಲ್ಲಿಂದ ಬಂದದು.

ಊಂ ಕಣವ್ವ. ಉಳ ಸೊಪ್ಪು ತಿಂತಾ ಅವೆ, ಅದೇ ಸದ್ದು.

ನೀನ್ ಯಳಂದೂರಿಗ್ ಓದ ದಿನವೇ ಜ್ವರಕ್ಕೆ ಕುಂತ್ವು. ಈ ಸೆಕೆಗೆ ಬೇಗ ಕುಂತು ಬೇಗ ಎದ್ದವೆ. ಇನ್ನು ಗೂಡು ಕಟ್ಟೋಗಂಟ ಅವಕ್ಕೆ ಬಾಯಿ ಬಾಯಿ. ಬೆಳಿಗ್ಗೆಯಿಂದ ಮೂರ್ ಸಲ ಸೊಪ್ಪು ಆಕಿವ್ನಿ, ನೀನ್ ಬರೋ ಮುಂಚೆ ಒಂದ್ಸಲ, ತಲೆ ತೊಳ್ಕೊಳ್ವಾಗ ಒಂದ್ಸಲ, ಸೀರೆ ಉಟ್ಕೊಳ್ವಾಗ ಒಂದ್ಸಲ. ನಿಂಗ್ ಕೇಳ್ಬಾರ್ದು ಅಂತ ರೇಡಿಯೋ. ನಾನ್ ಎಲ್ಲಿಗೂ ಬರಾಕಾಗಲ್ಲ. ಜೊತೇಲಿ ಬಂದು, ನಿನ್ನ ರಾಣಿ ಕೈಗ್ ಒಪ್ಪಿಸಿ, ನಾನೊಬ್ಳೇ ವಾಪಸ್ ಬಂದ್ಬುಡಾನ ಅಂತಿದ್ದೆ. ಅಷ್ಟಕ್ಕೂ ಬುಡ್ನಿಲ್ಲ ಇವು. ಬರೋ ಟಿಕೆಟ್ಟು ನಂಗೊಬ್ಳಿಗೇ ಮಾಡ್ಸಿದ್ದು ಧನು. ನಿಂಗೆ ಸೋಮವಾರದಿಂದ ಡ್ಯೂಟಿ. ನಾನೇ ರಾಣಿ ಕೈಕಾಲ್ ಇಡ್ದೆ. ನಿಮ್ಮವ್ವನ್ಗೂ ಏಳ್ದೆ.

ಬಯ್ಯಿ. ಬೈದ್ಬುಡು ನನ್ನ.

ಚಪ್ಪಲಿ ಬಿಚ್ಬೇಡ! ಧನು, ನಿನ್ ದಮ್ಮಯ್ಯ, ಚಪ್ಪಲಿ ಬಿಚ್ಬೇಡ. ಮೊಕ ಒರಸ್ಬೇಡ. ಪೌಡರ್ ಒರಸ್ಕಂಡು, ಮಲ್ಲಿಗೆ ಕಿತ್ತಾಕಿ ಒಳಗ್ ಬಂದು ಸೊಪ್ಪಿನ್ ಪುಟ್ಟಿ ಇಡ್ಕಂಡೆ ಅಂದ್ರೆ, ನೀನ್ ಇನ್ಯಾವತ್ತೂ ಓಗಲ್ಲ. ನಂಗೊತ್ತು. ನಾನೂ ಇಂಗೇ ಒಂದಿನ ಒಳಗ್ ಬಂದೋಳು. ಮಗ ಕೈಬುಟ್ಟೋದ, ಸೊಸೆ ಸಿಕ್ಕಿದ್ಲು ಅಂತ ಸುಮ್ಕಿದ್ದೆ ನಾನು. ಒಳ್ಳೇದೇ ಆಯ್ತು ನಂಗೆ. ಆದ್ರೆ ದಿನಾ ಬೆಳಿಗ್ಗೆ ಎದ್ದು ನಿನ್ ಮೊಕ ನೋಡ್ದಾಗ ಅವನ್ ಮಾಡಿದ್ದು ಕಾಣ್ತದೆ. ಸಾಕಾಗದೆ ಕಣವ್ವ ನಂಗೆ. ನಿನ್ ಮೇಲಿನ ಬೇಜಾರಲ್ಲ... ನಿನ್ನ ಇಲ್ಲಿ ನೋಡಿ ನೋಡಿ ಸಾಕಾಗದೆ. ಬ್ಯಾರೆ ಕಡೆ ನೋಡ್ಬೇಕು ನಿನ್ನ. ಆ ಬಿಳಿ ಶೂ ಆಕಂಡು.

ಉಳ ಸಾಕಕ್ಕೆ ಕೂಲಿಯೋರು ಸಿಗ್ತರೆ. ಈ ಬೆಳೆ ಆದ್ಮೇಲೆ ಕಮ್ಮಿ ಸಾಕಿದ್ರಾಯ್ತು. ಜ್ವರ ಬಂದಾಗೆಲ್ಲ ನಾನೇ ಬತ್ತೀನಿ ಐದ್ರಾಬಾದ್ಗೆ. ಆಣೆ ಮಾಡ್ಲಾ? ನಗ್ಬೇಡ... ಅಳ್ಬೇಡ ಅಂದ್ರೆ ಕೇಳು. ಪೌಡರೆಲ್ಲ ಇಳೀತದೆ.

ಅಗಾ, ಕಾರಿನ ಆರನ್ನು. ಬಂದ ಮಾದೇಶ. ತಕ, ಬ್ಯಾಗ್ ತಕ. ಅತ್ರ ಬರ್ಬೇಡ, ನನ್ ಕೈಯೆಲ್ಲ ಸುಣ್ಣ, ಸೀರೆಗ್ ಅತ್ಕತದೆ. ಅಲ್ಲಿಂದ್ಲೇ ಓಗು.

ಧನು...

ಓಗ್ತಾ ಆ ರೇಡಿಯೋ ಆಕ್ಬುಟ್ಟು ಓಗು ಕಣವ್ವ. ಜೋರಾಗ್ ಆಕು. ಕಾರು ಓಗೋ ಸದ್ದು ನಂಗ್ ಕೇಳ್ಬಾರ್ದು.